ಪಿಟ್ಟೆನ್ನದ ನಾಲ್ಕು ವಾರ

ಸಂಜೆಯ ಪ್ರಾರ್ಥನೆಯಲ್ಲಿ “ಸರ್ವಶಕ್ತನೂ ಕರುಣಾಸಾಗರನೂ ಆದ ತಂದೆಯೇ” ಎನ್ನುವಾಗ ನನ್ನ ದನಿ ಒಡೆಯಿತು. ಕೆಮ್ಮಿದೆ. ಮತ್ತೆ ಶುರು ಮಾಡಿದೆ. ಗಾಳಿ ಮಾತ್ರ ಬಂತು.

ನೆಗಡಿ ಇರಬೇಕು ಅಂದುಕೊಂಡೆವು. ಅತ್ತೆ ಕಾಳುಮೆಣಸಿನ ಕಷಾಯ ಮಾಡಿಕೊಟ್ಟರು. ಮೂರು ವಾರ ಕುಡಿದೆ. ನಾಲಿಗೆ ಸುಟ್ಟಿತೇ ಹೊರತು ದನಿ ಬರಲಿಲ್ಲ.

ನನ್ನ ದನಿಯ ಬಗ್ಗೆ ಒಂದು ಮಾತು ಹೇಳಬೇಕು. ಜಂಬ ಅಂದರೆ ಅನ್ನಿ. ಕುಂದಾಪುರದ ನಮ್ಮ ಚರ್ಚಿನ ಸಭೆಯಲ್ಲಿ ನನ್ನಷ್ಟು ಚೆಂದ ಪ್ರಾರ್ಥನೆ ಮಾಡುವವರು ಇನ್ನೊಬ್ಬರಿರಲಿಲ್ಲ. ಬ್ರಹ್ಮಾವರದ ಸ್ತ್ರೀಯರ ಕೂಟದವರೂ ನನ್ನನ್ನು ಕರೆಸುತ್ತಿದ್ದರು. ನಮ್ಮಲ್ಲಿ ಮನೆಯ ಪ್ರಾರ್ಥನೆಯನ್ನು ಪುಸ್ತಕ ನೋಡಿ ಹೇಳುವ ಕ್ರಮವಿಲ್ಲ, ಹೃದಯದಿಂದ ಬಂದಂತೆ ಹೇಳಬೇಕು. ನನ್ನದು ಹೃದಯದಿಂದ ಬರುವ ಮೊದಲು ಅಡುಗೆಮನೆಯಲ್ಲಿ, ತೆಂಗಿನಕಾಯಿ ತುರಿಯುವಾಗ, ಎರಡು ಸಲ ತಾಲೀಮಾಗಿರುತ್ತಿತ್ತು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವರಿಗೆ ಗೊತ್ತಿತ್ತು, ಆತ ಯಾರಿಗೂ ಹೇಳಲಿಲ್ಲ.

ಗಂಡ ಯೋನಾಸರು ಹೆಂಚಿನ ಕಾರ್ಖಾನೆಗೆ ರಜೆ ಹಾಕಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಿಂದೆ ದೋಣಿಯಲ್ಲಿ ದಾಟುತ್ತಿದ್ದ ಹೊಳೆಗೆ ಈಗ ಸೇತುವೆಯಾಗಿತ್ತು, ಬಸ್ಸಿನಿಂದ ಇಳಿಯುವುದೇ ಬೇಕಾಗಲಿಲ್ಲ. ಡಾಕ್ಟರು ಗಂಟಲೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು.

“ವೋಕಲ್ ಕಾರ್ಡಿನ ಮೇಲೆ ಒಂದು ಗ್ರೋತ್ ಇದೆ. ಆಪರೇಷನ್ ಮಾಡಿ ತೆಗೆದು ಬಯಾಪ್ಸಿಗೆ ಕಳಿಸಬೇಕು.”

“ಕ್ಯಾನ್ಸರಾ ಡಾಕ್ಟ್ರೆ?” ಯೋನಾಸರ ಸ್ವರವೂ ಆಗ ನನ್ನದರ ಹಾಗೆಯೇ ಇತ್ತು.

“ರಿಪೋರ್ಟ್ ಬರಲಿ.”

ಆಪರೇಷನ್ ಆಯಿತು. ರಿಪೋರ್ಟಿಗೆ ನಾಲ್ಕು ವಾರ ಬಿಟ್ಟು ಬರಬೇಕು, ಅಲ್ಲಿಯವರೆಗೆ ಪಿಟ್ ಅನ್ನಬಾರದು, ಪಿಸುಗುಟ್ಟಲೂ ಬಾರದು ಎಂದರು. ಯೋನಾಸರು ದಾರಿಯಲ್ಲೇ ಒಂದು ಸ್ಲೇಟು ಕೊಂಡರು.

ಮನೆಗೆ ಬಂದ ಸಂಜೆ ಪ್ರಾರ್ಥನೆಗೆ ಚಾಪೆ ಹಾಸಿದರು. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ನನ್ನ ವಾರಗಿತ್ತಿ ಮಾರ್ತಾಳ ಮುಖ ನೋಡಿದರು.

“ಮಾರ್ತಾ, ನೀನ್ ಮಾಡ್.”

“ಅಯ್ಯಬ್ಬ, ನಂಗೆ ಬತ್ತಿಲ್ಲೆ ಅತ್ತೆ.”

ಸರಿಯೇ, ಅವಳಿಗೆ ಬರುವುದಾದರೂ ಹೇಗೆ? ಉಪ್ಪುಂದದ ಕಡೆಯವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸತ್ಯವೇದವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ನಾನು ನೆಮ್ಮದಿಯಾಗಿ ಕಣ್ಣು ಮುಚ್ಚಿದೆ.

“ದೇವ್ರೇ, ಇವತ್ತಿನ್ ದಿನ ಹೋಯ್ತ್. ಅಕ್ಕನ ಗಂಟ್ಲ್ ನೋವಿತ್ತ್, ಗಂಜಿ ನುಂಗುಕೂ ಆತ್ತಿಲ್ಲೆ. ನಮ್ಗೆಲ್ಲ ಹೆದ್ರಿಕೆ ಆತ್ತ್. ನಾನೆಂತ ಹೇಳ್ಕ್? ನಿಂಗೇ ಗೊತ್ತಿತ್ತಲ್ದಾ. ಆಮೆನ್.”

ಅಷ್ಟೇ. ಕಣ್ಣು ಬಿಟ್ಟರೆ ಅತ್ತೆ ಸೆರಗಿನಿಂದ ಮೂಗು ಒರೆಸುತ್ತಿದ್ದಾರೆ. ಯೋನಾಸರು, ನನ್ನ ಹದಿನಾಲ್ಕು ವರ್ಷದ ಪ್ರಾರ್ಥನೆಗೆ ಒಂದು ಸಲವೂ ಕಣ್ಣು ಒದ್ದೆ ಮಾಡಿಕೊಳ್ಳದವರು, ಕನ್ನಡಕ ತೆಗೆದು ಹಿಡಿದುಕೊಂಡಿದ್ದಾರೆ.

ನನ್ನ ಹೊಟ್ಟೆಯಲ್ಲಿ ಕೆಂಡ ಬಿತ್ತು.

ನನ್ನ ಗಂಟಲಿಗಾಗಿಯೇ ಮಾಡಿದ ಪ್ರಾರ್ಥನೆ ಅದು. ಅದಕ್ಕೂ ಉರಿದುಕೊಂಡೆನಲ್ಲ! ಒಂದು ವಾರವಾಗುವಷ್ಟರಲ್ಲಿ ನನ್ನ ಮಗಳೇ “ಚಿಕ್ಕಮ್ಮನ ಪ್ರಾರ್ಥನೆ ಎಷ್ಟ್ ಚಂದ, ಬೇಗ ಮುಗಿತ್ತ್” ಅಂದಳು. ಪಕ್ಕದ ಮನೆಯವರೂ ಬಂದು ಕೂರತೊಡಗಿದರು. ಕ್ಯಾನ್ಸರಿನ ಭಯ ನನಗೆ ಬೆಳಿಗ್ಗೆ ಮಾತ್ರ ಇರುತ್ತಿತ್ತು. ಸಂಜೆಯಾಯಿತೆಂದರೆ ಮಾರ್ತಾಳ ಭಯ. ನಾನು ಸತ್ತರೆ ಈ ಚಾಪೆಯ ಮೇಲೆ ನನ್ನ ಜಾಗ ಖಾಲಿ ಅನ್ನಿಸುವುದೇ ಇಲ್ಲವಲ್ಲ ಎಂಬ ಭಯ.

ಎರಡನೇ ವಾರ ತಡೆಯಲಾಗಲಿಲ್ಲ. ಸ್ಲೇಟಿನ ಮೇಲೆ ಬರೆದೆ: “ದೇವರ ಸನ್ನಿಧಿಯಲ್ಲಿ ಅಡುಗೆಮನೆಯ ಭಾಷೆ ಸಲ್ಲದು.” ಮಾರ್ತಾಳಿಗೆ ಅದನ್ನು ಓದಲು ತಡವಾಯಿತು. ಮಗಳೇ ಕಸಿದುಕೊಂಡು ಗಟ್ಟಿಯಾಗಿ ಓದಿಬಿಟ್ಟಳು.

ಮಾರ್ತಾ ಬೇಜಾರು ಮಾಡಿಕೊಳ್ಳಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು. “ಹೌದಕ್ಕ, ನಂಗೆ ಹೇಳುಕೆ ಗೊತ್ತಾತ್ತಿಲ್ಲೆ. ನೀವ್ ಬರ್ದ್ ಕೊಡಿ” ಅಂದಳು. ಬರೆದುಕೊಟ್ಟೆ. ಉದ್ದವಾಗಿಯೇ ಬರೆದುಕೊಟ್ಟೆ.

ಮಾರನೆಯ ಸಂಜೆ ಅವಳು “ಸರ್ವಶಕ್ತನೂ ಕರು... ಕರುಣಾ...” ಎಂದು ತಡವರಿಸಿ ನಿಂತುಬಿಟ್ಟಳು. ಮುಖ ಕೆಂಪಗಾಯಿತು. “ಇವತ್ತ್ ಎಲ್ರೂ ಮನ್ಸಲ್ಲೇ ಮಾಡ್ಕಣಿ” ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಪ್ರಾರ್ಥನೆ ಮೌನವಾಯಿತು. ಪಕ್ಕದ ಮನೆಯವರು ಬರುವುದು ನಿಲ್ಲಿಸಿದರು.

ನಾನು ಗೆದ್ದೆ.

ಗೆದ್ದ ಮೇಲೆ ನಾನೂ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಬೇಕಾಯಿತಲ್ಲ, ಆಗ ಗೊತ್ತಾಯಿತು. ಕಣ್ಣು ಮುಚ್ಚುತ್ತಿದ್ದೆ, ಚೆಂದದ ಪದಗಳು ಒಂದರ ಹಿಂದೊಂದು ಬರುತ್ತಿದ್ದವು, ಕೇಳಲು ಅತ್ತೆ ಇಲ್ಲ, ಬ್ರಹ್ಮಾವರದ ಕೂಟ ಇಲ್ಲ ಅಂತಾದ ಕೂಡಲೇ ಅಲ್ಲೇ ನಿಲ್ಲುತ್ತಿದ್ದವು. ಕೇಳುವವರಿಲ್ಲದೆ ನನಗೆ ಪ್ರಾರ್ಥನೆಯೇ ಬರುತ್ತಿರಲಿಲ್ಲ. ಬೆಳಿಗ್ಗೆಯ ಆ ಭಯವನ್ನೂ ದೇವರಿಗೆ ಹೇಳಲು ನನ್ನಿಂದಾಗಲಿಲ್ಲ.

ರಿಪೋರ್ಟಿನ ದಿನ ಯೋನಾಸರಿಗೆ ರಜೆ ಸಿಗಲಿಲ್ಲ. ಮಾರ್ತಾ ಬಂದಳು. ಓಪಿಡಿಯ ಬೆಂಚಿನ ಮೇಲೆ ಕೂತು ಅವಳು ತುಟಿ ಅಲ್ಲಾಡಿಸುತ್ತಲೇ ಇದ್ದಳು. ಕಿರಿಕಿರಿಯಾಗಿ ಸ್ಲೇಟು ಚಾಚಿದೆ: “ಏನದು?”

“ನೀವ್ ಬರ್ದ್ ಕೊಟ್ಟದ್ದೇ ಅಕ್ಕ, ಬಾಯಿಪಾಠ ಮಾಡ್ತಾ ಇದ್ದೆ” ಅಂದಳು. ಅವಳ ಕಣ್ಣು ತುಂಬಿತ್ತು. “ಸಾಗರ ಅಂಬಲ್ಲಿಗೆ ತಪ್ಪಿ ಹೋತ್ತ್. ಹದಿನೈದ್ ದಿನ ಆಯ್ತ್, ನಿಮ್ಗೋಸ್ಕರ ಒಂದ್ ಪ್ರಾರ್ಥನೆಯೂ ಸಮ ಆಯ್ಲಿಲ್ಲೆ. ನನ್ನ್ ಭಾಷೆ ದೇವ್ರಿಗ್ ಆತ್ತಿಲ್ಲೆ ಅಂದ್ರಲೆ ನೀವ್. ಈಗ ರಿಪೋರ್ಟಲ್ಲಿ ಎಂತಾರೂ ಬಂದ್ರೆ, ಅದ್ ನಾನ್ ಸಮ ಹೇಳ್ದೆ ಇದ್ದದ್ದಕ್ಕೇ ಅಲ್ದಾ ಅಕ್ಕ?”

ಸ್ಲೇಟಿನ ಮೇಲಿದ್ದ “ಏನದು?” ಎಂಬುದನ್ನು ಅಂಗೈಯಿಂದ ಒರೆಸಿದೆ.

ಆಗಲೇ ನರ್ಸ್ ಕರೆದಳು. ಡಾಕ್ಟರು ಕಾಗದ ನೋಡಿ, “ಕ್ಯಾನ್ಸರ್ ಅಲ್ಲ, ಹೆದರಬೇಡಿ” ಎಂದರು. ಮಾರ್ತಾ ಅಲ್ಲೇ ಗೋಡೆಗೆ ಒರಗಿ ಜೋರಾಗಿ ಅತ್ತಳು. ಇನ್ನು ದಿನಕ್ಕೆ ಐದು ನಿಮಿಷ ಮಾತ್ರ ಮಾತಾಡಬಹುದು, ದನಿ ಮೊದಲಿನಂತೆ ಆಗುವುದೋ ಇಲ್ಲವೋ ನೋಡೋಣ ಎಂದೂ ಹೇಳಿದರು. ಆ ಐದು ನಿಮಿಷವನ್ನು ನಾನು ಸಂಜೆಗೆ ಇಟ್ಟುಕೊಂಡೆ.

ಚಾಪೆ ಹಾಸಿದರು. ಸುದ್ದಿ ಕೇಳಿ ಪಕ್ಕದ ಮನೆಯವರೂ ಬಂದಿದ್ದರು. ಎಲ್ಲರೂ ನನ್ನ ಕಡೆಗೇ ತಿರುಗಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು ಸ್ತೋತ್ರವನ್ನು ಕಟ್ಟಿಕೊಂಡು ಬಂದಿದ್ದೆ, ಹಳೆಯ ಚಾಳಿ. ಬಾಯಿ ತೆರೆದೆ. ತಗಡು ಉಜ್ಜಿದಂಥ ದನಿ ಬಂತು. ಬಂದ ಮಾತು ಬೇರೆಯೇ ಇತ್ತು.

“ದೇವ್ರೇ, ಮಾರ್ತಾಳನ್ನ್ ಕಂಡ್ರೆ ನಂಗೆ ಹೊಟ್ಟೆಕಿಚ್ಚ್. ಅವ್ಳ್ ಹೇಳುದ್ ನೀನ್ ಕೇಳ್ತೆ ಅಂತ ಗೊತ್ತಿದ್ದೇ ಅವ್ಳ್ ಬಾಯ್ ಮುಚ್ಚ್ಸಿದೆ.”

ಕಣ್ಣು ಬಿಡುವ ಧೈರ್ಯ ನನಗಿರಲಿಲ್ಲ. ಮೊದಲು ಕೇಳಿದ್ದು ಮಾರ್ತಾಳ ದನಿ, ಎಂದಿನಂತೆ ಗಟ್ಟಿಯಾಗಿ: “ಆಮೆನ್.” ಆಮೇಲೆ ಅತ್ತೆ ಹೇಳಿದರು.

“ಗಂಟ್ಲ್ ಸಮ ಆಯ್ತ್ ಕಾಣಿ.”

ಇದಾಗಿ ನಾಲ್ಕು ತಿಂಗಳಾಯಿತು. ದನಿ ಇನ್ನೂ ಒರಟಾಗಿಯೇ ಇದೆ, ಬ್ರಹ್ಮಾವರದವರು ಕರೆಯುವುದು ಬಿಟ್ಟಿದ್ದಾರೆ. ಮಾರ್ತಾ ಪ್ರಾರ್ಥನೆ ಮಾಡುತ್ತಾಳೆ, ತನ್ನ ಭಾಷೆಯಲ್ಲೇ. ನನಗೆ ಈಗಲೂ ಹೊಟ್ಟೆಯಲ್ಲಿ ಉರಿಯುತ್ತದೆ. ಉರಿದಾಗ ತೆಂಗಿನಕಾಯಿ ತುರಿಯುತ್ತಾ ಅದನ್ನೇ ದೇವರಿಗೆ ಹೇಳುತ್ತೇನೆ, ಬೇರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.