ಉಪ್ಪಿಲ್ಲದೆ ದುಡಿದ ಮಾಸು

ನನ್ನ ಮೊಮ್ಮಗಳ ಮೈಯಲ್ಲಿ ಕೆಲಸ ಮಾಡುತ್ತಿರುವುದು ನನ್ನ ಮಗಳ ಕಿಡ್ನಿ. ಹಾಕಿಸಿ ನಾಲ್ಕು ವರ್ಷವಾಯಿತು. ಈಗ ಅವಳು ಬಸುರಿ. ಹೋದ ತಿಂಗಳು ಬಂದವಳು ಡಾಕ್ಟರು ಹೇಳಿದ್ದನ್ನೆಲ್ಲ ನನಗೆ ಬಿಡಿಸಿ ಹೇಳಿದಳು. ಇನ್ನೊಬ್ಬರ ಕಿಡ್ನಿಯನ್ನು ಮೈ ಒಪ್ಪುವುದಿಲ್ಲವಂತೆ, ಹೆತ್ತ ತಾಯಿಯದ್ದಾದರೂ ಜಗಳಕ್ಕೆ ನಿಲ್ಲುತ್ತದಂತೆ. ಅದಕ್ಕೆ ದಿನವೂ ಮಾತ್ರೆ. ಹೊಟ್ಟೆಯಲ್ಲಿರುವ ಮಗುವೂ ಅಪ್ಪನ ಕಡೆಯಿಂದ ಅರ್ಧ ಪರರದ್ದೇ. ಆದರೆ ಅದನ್ನು ಮೈ ದೂಡುವುದಿಲ್ಲ. ನಡುವೆ ಪ್ಲಾಸೆಂಟಾ ಕೂತು ಇಬ್ಬರನ್ನೂ ಸಂಭಾಳಿಸುತ್ತದೆ ಎಂದಳು.

"ಅದೆಂತದೇ?" ಎಂದೆ.

"ಹೆರಿಗೆ ಆದ್ಮೇಲೆ ಬೀಳುತ್ತಲ್ಲ ಅಜ್ಜಿ, ಅದು."

"ಮಾಸು ಅನ್ನು. ನಿನ್ನಮ್ಮನ ಮಾಸನ್ನ ಕಣ್ಣಾರೆ ನೋಡಿದೀನಿ ನಾನು."

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನನ್ನದು ನಾಲ್ಕನೇ ಕ್ಲಾಸಿನ ಓದು, ತಪ್ಪಿದ್ದರೆ ತಿದ್ದಿಕೊಳ್ಳಿ.

ಅದು ಅರವತ್ತರ ದಶಕ. ಹೊಸನಗರದ ಪೇಟೆಯಲ್ಲಿ ನಮ್ಮವರ ಹೊಲಿಗೆ ಅಂಗಡಿ, ಅದರ ಹಿಂದೆಯೇ ಮನೆ. ಮೊದಲ ಬಸುರಿನಲ್ಲಿ ನನ್ನ ಕಾಲು, ಮುಖ ಎಲ್ಲ ಊದಿಕೊಂಡು ಮಗು ಹೊಟ್ಟೆಯಲ್ಲೇ ಸತ್ತಿತ್ತು. ಎರಡನೆಯದು ನಿಂತಾಗ ಅತ್ತೆ ಯಾರನ್ನೂ ಕೇಳದೆ ನನ್ನನ್ನು ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ನನ್ನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಾಕಿ ಕಾಯಿಸಿದರು. ಒಡೆದ ಹಾಲಿನಂತೆ ಬೆಳ್ಳಗೆ ಕಟ್ಟಿತು.

"ಮೂತ್ರಪಿಂಡ ಸೋತಿದೆ. ಉಪ್ಪು ಬಿಡು. ಬಿಡದಿದ್ರೆ ಈ ಸಲ ಮಗು ಜೊತೆ ನೀನೂ ಹೋಗ್ತೀಯ" ಎಂದರು. ಈಗಿನ ಡಾಕ್ಟರುಗಳು ಏನು ಹೇಳುತ್ತಾರೋ ಗೊತ್ತಿಲ್ಲ. ಅವತ್ತು ನಮಗೆ ಹೇಳಿದ್ದು ಅಷ್ಟೇ.

ಅಂದಿನಿಂದ ನನಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ. ಪ್ರತಿದಿನ ಬೆಳಗ್ಗೆ ಅತ್ತೆ ನನ್ನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದರು. ಗುಳಿ ಬೇಗ ತುಂಬಿಕೊಂಡರೆ "ಹೂಂ" ಎಂದು ಎದ್ದು ಹೋಗುತ್ತಿದ್ದರು. ನನ್ನ ಹತ್ತಿರ ಒಂದು ಒಳ್ಳೆಯ ಮಾತಾಡಿದ ನೆನಪಿಲ್ಲ.

ಏಳನೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ನನ್ನ ಅಮ್ಮ ಬಂದಳು. ಬಯಕೆಗೆಂದು ಮಾವಿನ ಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿಯನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟು ನಾಲ್ಕು ದಿನ ತಿಂದೆ. ನನಗೆ ಬುದ್ಧಿ ಇರಲಿಲ್ಲವೆಂದಲ್ಲ, ನಾಲಿಗೆ ಇತ್ತು. ಐದನೇ ದಿನ ಅತ್ತೆ ಒತ್ತಿದ ಗುಳಿ ತುಂಬಲೇ ಇಲ್ಲ. ಅವರು ಕಾಲು ಬಿಟ್ಟು ನನ್ನ ಬಲಗೈ ಎತ್ತಿ ಮೂಸಿದರು.

"ಎಲ್ಲಿಟ್ಟಿದೀಯೇ?"

ತೋರಿಸಿದೆ. ಅಮ್ಮ ಅಡ್ಡ ಬಂದಳು. "ಬಸುರಿ ಬಯಕೆ ತೀರಿಸ್ದೇ ಇದ್ರೆ ಮಗು ಕಿವಿ ಸೋರುತ್ತೆ ಬೀಗ್ತಿ. ನಿಮ್ಗೆ ಗೊತ್ತಿಲ್ದೇ ಇರೋದಾ?"

"ಸೋರ್ಲಿ ಬಿಡಿ. ಕಿವಿ ಸೋರೋಕೆ ಮೊದ್ಲು ಮಗು ಇರ್ಬೇಕಲ್ಲ?"

ಅಮ್ಮ ಅತ್ತುಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟಳು. ಭರಣಿಯೂ ಅವಳ ಜೊತೆಗೇ ಹೋಯಿತು. ಸಂಜೆ ಅತ್ತೆ ನಮ್ಮ ಉಪ್ಪಿನ ಮಡಕೆಯನ್ನೇ ಎತ್ತಿ ಪಕ್ಕದ ಮನೆಗೆ ಕೊಟ್ಟು ಬಂದರು. ಇನ್ನು ಮನೆಯಲ್ಲಿ ಯಾರಿಗೂ ಉಪ್ಪಿಲ್ಲ ಎಂದರು.

"ನಾನೇನು ಬಸುರಿನಾ ಅಮ್ಮ?" ಎಂದರು ನಮ್ಮವರು.

"ಅವ್ಳು ಬಸುರಿ ಆಗಿದ್ದು ಯಾರಿಂದನೋ? ಮುಚ್ಕೊಂಡು ತಿನ್ನು."

ಎರಡು ತಿಂಗಳು ಕಲಗಚ್ಚಿನಂಥ ಸಾರು. ನಮ್ಮವರು ಹೋಟೆಲಿನಲ್ಲಿ ತಿಂದು ಬರುತ್ತಿದ್ದರೋ ಏನೋ, ಕೇಳಲಿಲ್ಲ. ಅತ್ತೆ ಮಾತ್ರ ಎಲ್ಲೂ ತಿನ್ನಲಿಲ್ಲ. ನನ್ನ ಎದುರಿಗೇ ಕೂತು, ನನ್ನ ಪಾತ್ರೆಯಿಂದಲೇ ಬಡಿಸಿಕೊಂಡು ಉಂಡರು.

ದಿನ ತುಂಬಲು ಮೂರು ವಾರವಿರುವಾಗ ಸಾಗರದಲ್ಲಿ ಹೆರಿಗೆಯಾಯಿತು. ಹೆಣ್ಣು. ಬೆಕ್ಕಿನಮರಿಯಷ್ಟಿತ್ತು, ಆದರೆ ಅತ್ತಿತು. ಹೂಳುವುದಕ್ಕೆ ಮಾಸು ಕೊಡಿ ಎಂದು ಅತ್ತೆ ಕೇಳಿದ್ದರಿಂದ ನರ್ಸಮ್ಮ ಅದನ್ನು ಪಿಂಗಾಣಿ ತಟ್ಟೆಯಲ್ಲಿ ತಂದು, ಮಗುಚಿ ತೋರಿಸಿದರು. ಅಲ್ಲಲ್ಲಿ ಕೊಬ್ಬರಿ ಚೂರಿನಂತೆ ಬೆಳ್ಳಗೆ ಗಟ್ಟಿಯಾಗಿತ್ತು.

"ಈ ಬಿಳಿ ಜಾಗ ಎಲ್ಲ ಸತ್ತಿದೆ. ಉಳಿದಷ್ಟೇ ಇಡೀ ಕೆಲಸ ಮಾಡಿದೆ ನೋಡಿ ಅಜ್ಜಿ. ಮಗೂಗೆ ಊಟ ಕೊಟ್ಟಿದ್ದೂ ಇದೇ, ತಾಯಿಗೆ ಬಂದುಹೋದ ರೋಗ ಮಗೂಗೆ ತಟ್ಟದ ಹಾಗೆ ಕಾವಲು ಕಳಿಸಿದ್ದೂ ಇದೇ" ಎಂದರು. "ನಿಮ್ ಸೊಸೆಗೆ ದಡಾರ ಆಗಿತ್ತಾ?"

"ಸಣ್ಣೋಳಿದ್ದಾಗ ಆಗಿತ್ತಂತೆ."

"ಹಂಗಾದ್ರೆ ಇದಕ್ಕೆ ಕೆಲವು ತಿಂಗ್ಳು ಅದ್ರ ಭಯ ಕಡಿಮೆ."

ಅದು ಸುಳ್ಳಾಗಲಿಲ್ಲ. ಮೂರು ತಿಂಗಳಾದ ಮೇಲೆ ನಮ್ಮ ಬೀದಿಯ ಮನೆಮನೆಗೂ ದಡಾರ ಬಂತು. ನಮ್ಮ ಕೂಸು ಚಾಪೆಯ ಮೇಲೆ ಕಾಲು ಬಡಿದುಕೊಂಡು ಆಡುತ್ತಿತ್ತು.

ಮಾಸನ್ನು ಅತ್ತೆ ಮಡಕೆಯಲ್ಲಿಟ್ಟು ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊಸನಗರಕ್ಕೆ ಒಯ್ದರು. ಅಲ್ಲಿ ನಡೆದದ್ದನ್ನು ಆಮೇಲೆ ನಮ್ಮವರು ನನಗೆ ಹೇಳಿದರು. ಹಿತ್ತಿಲಲ್ಲಿ ಗುಂಡಿ ತೋಡಿಸಿ, ಪಕ್ಕದ ಮನೆಯಿಂದ ನಮ್ಮ ಉಪ್ಪಿನ ಮಡಕೆ ತರಿಸಿದರಂತೆ. ಮಾಸಿನ ಮೇಲೆ ಒಂದು ಹಿಡಿ ಉಪ್ಪು ಹಾಕಿ ಹೂಳುವುದು ನಮ್ಮ ಮನೆಯ ರೂಢಿ. ಅತ್ತೆ ಮೂರು ಹಿಡಿ ಹಾಕಿದರಂತೆ.

"ಸಾಕಲ್ವಾ ಅಮ್ಮ?"

"ಪಾಪ, ಸಪ್ಪೆ ತಿಂದು ದುಡಿದಿದೆ ಕಣೋ. ಈಗಾದ್ರೂ ತಿನ್ಲಿ."

ಆ ಕೂಸಿನ ಕಿವಿ ಇವತ್ತಿನವರೆಗೂ ಸೋರಿಲ್ಲ. ಕಿಡ್ನಿ ಕೊಡುವ ಮುಂಚೆ ಮೈಯೆಲ್ಲ ನೋಡಿದ ಡಾಕ್ಟರು, ವಯಸ್ಸಾದರೂ ಎರಡೂ ಗಟ್ಟಿಯಾಗಿವೆ ಎಂದರಂತೆ. ಅತ್ತೆ ಬದುಕಿದ್ದಾಗ ನಾನು ಅವರಿಗೆ ಉಪಕಾರವಾಯಿತು ಎಂದು ಹೇಳಿದವಳಲ್ಲ. ಹೇಳಿದ್ದರೆ ಬೈಯುತ್ತಿದ್ದರು. ಈಗ ಬರೆದು ಹೇಳುತ್ತಿದ್ದೇನೆ.

ಕಥೆ ಮುಗಿದ ಮೇಲೆ ಮೊಮ್ಮಗಳು, "ಅಜ್ಜಿ, ಮಿಡಿ ಉಪ್ಪಿನಕಾಯಿ ಇದ್ಯಾ?" ಎಂದು ಕೇಳಿದಳು.

"ಡಾಕ್ಟರ ಹತ್ರ ಕೇಳ್ಕೊಂಡು ಬಾ" ಎಂದು ಭರಣಿಯನ್ನು ಅಟ್ಟಕ್ಕೆ ಏರಿಸಿದೆ. ಕಿವಿ ಸೋರಿದರೆ ಸೋರಲಿ.