ಯೂನಿಯನ್ ಕರುಣಾಕರನ ಮೌನವ್ರತ

ಕರುಣಾಕರ ಸಾಲಿಯಾನನ ಮನೆಗೆ ಊಟಕ್ಕೆ ಹೋದವರು ಎರಡನ್ನು ತಪ್ಪದೆ ಹೊಟ್ಟೆಗೆ ಹಾಕಿಕೊಂಡು ಬರಬೇಕಿತ್ತು. ಒಂದು, ಅವನ ಹೆಂಡತಿ ನಿರೀಕ್ಷಾ ಮಾಡಿದ ಕೋಳಿ ಸುಕ್ಕ. ಇನ್ನೊಂದು, ಪೊಲೀಸ್ ಯೂನಿಯನ್ನಿನ ಸವಲತ್ತುಗಳು. ಸುಕ್ಕ ಹೇಗೋ ಜೀರ್ಣವಾಗುತ್ತಿತ್ತು. ಸವಲತ್ತುಗಳು ಮುಂದಿನ ಊಟದವರೆಗೂ ಹಾಗೇ ಉಳಿಯುತ್ತಿದ್ದವು.

"ಲಾಯರ್ ಫ್ರೀ ಮಾರಾಯ್ರೆ," ಎಂದು ಅವನು ಶುರುಮಾಡುತ್ತಿದ್ದ. "ಯಾರೇ ನನ್ನ ಮೇಲೆ ಕಂಪ್ಲೇಂಟ್ ಕೊಡ್ಲಿ, ಒಂದು ಫೋನ್ ಮಾಡಿದ್ರೆ ಸಾಕು, ಲಾಯರ್ ಓಡಿ ಬರ್ತಾರೆ. ಹಲ್ಲಿನ ಡಾಕ್ಟರ್‌ಗೆ ಡಿಸ್ಕೌಂಟ್ ಉಂಟು. ಸಮುದ್ರದ ಹತ್ರ ಹಾಲಿಡೇ ಫ್ಲಾಟ್ ಉಂಟು. ಮನಸ್ಸಿಗೆ ಬೇಜಾರಾದ್ರೆ ಕೌನ್ಸೆಲರ್ ಉಂಟು. ನಾಳೆ ನಾನು ಸತ್ತರೆ ಫ್ಯೂನರಲ್ ಖರ್ಚಿಗೂ ಯೂನಿಯನ್ ಕೊಡ್ತದೆ."

ಸಾಯುವ ಮಾತನ್ನು ಅಷ್ಟು ಸಂತೋಷದಿಂದ ಆಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ನಮ್ಮದು ಅವನ ಪಕ್ಕದ ಮನೆ, ಹಾಗಾಗಿ ಈ ಪುರಾಣವನ್ನು ಬೇಲಿಯ ಆಚೆಯಿಂದಲೂ ಕೇಳಿದ್ದೇನೆ. ಒಮ್ಮೆ ತಡೆಯಲಾರದೆ, "ಇಷ್ಟೆಲ್ಲ ಇರುವಾಗ ಬದುಕಿರೋದೇ ಲಾಸ್ ಅಲ್ವೇನೋ?" ಎಂದೆ. ಅವನು ಸ್ವಲ್ಪ ಯೋಚಿಸಿ, "ಹಾಗೂ ಹೇಳ್ಬಹುದು ಅಕ್ಕಾ," ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿ ನನ್ನ ಕೈಯೇ ನೋಯಿತು.

ಅವನಿಗೆ ಯೂನಿಯನ್ನಿನ ದೀಕ್ಷೆ ಕೊಟ್ಟವಳು ಅವನ ಅಕ್ಕ ತುಂಗಾ. ಸಿಡ್ನಿಯಲ್ಲಿ ನರ್ಸ್, ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಬಾಡಿಗೆ ಫ್ಲಾಟು. ಉಡುಪಿಯಿಂದ ಓದಲೆಂದು ಬಂದ ತಮ್ಮ, ಮೊದಲ ಎರಡು ವರ್ಷ ಅವಳ ಸೋಫಾದ ಮೇಲೆ ಮಲಗಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ. ಹೋಟೆಲ್ಲಿನವರು ಕೆಲಸ ಕೊಡಲಿಲ್ಲ. ಶಾಪಿಂಗ್ ಸೆಂಟರಿನಲ್ಲಿ ಸೆಕ್ಯುರಿಟಿ ಗಾರ್ಡ್ ಆದ. ಕದ್ದು ಓಡುವವರನ್ನು ಹಿಡಿಯಬಾರದು, ನೋಡಿಕೊಂಡಿರಬೇಕು ಎಂಬುದು ಆ ಕೆಲಸದ ನಿಯಮವಾಗಿತ್ತಂತೆ. ನೋಡಿ ನೋಡಿ ಸಾಕಾಗಿ, ಶಾಶ್ವತವಾಗಿ ನೆಲೆಸುವ ಪಿಆರ್ ಸಿಕ್ಕ ಮೇಲೆ ಮೆಲ್ಬರ್ನಿಗೆ ಬಂದು ಪೊಲೀಸ್ ಪರೀಕ್ಷೆಗೆ ಕೂತ, ಪಾಸಾದ. ಅಕ್ಕ ಅಂದೇ ಫೋನ್ ಮಾಡಿ ಹೇಳಿದಳು: "ಮೊದಲು ಯೂನಿಯನ್ ಸೇರು. ಅದು ಕೊಡೆ ಇದ್ದ ಹಾಗೆ. ಮಳೆಗೆ ಹಿಡಿಯುದು, ಬೇರೆಯವರ ಕಣ್ಣಿಗೆ ಚುಚ್ಚುದಕ್ಕಲ್ಲ." ತಮ್ಮನಿಗೆ ಮಾತಿನ ಮೊದಲರ್ಧ ಮಾತ್ರ ಕೇಳಿಸಿರಬೇಕು.

ನಮ್ಮ ಕನ್ನಡ ಸಂಘಕ್ಕಂತೂ ಹಬ್ಬ. 2005ರ ರಾಜ್ಯೋತ್ಸವದಲ್ಲಿ ಅವನನ್ನು ಯೂನಿಫಾರ್ಮಿನಲ್ಲೇ ಬರಲು ಹೇಳಿ, ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. "ನಮ್ಮ ಪೊಲೀಸ್" ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಮರುವಾರ ಅದೇ ಅಧ್ಯಕ್ಷರು ಸ್ಪೀಡಿಂಗ್ ಫೈನ್ ಕ್ಯಾನ್ಸಲ್ ಮಾಡಿಸಲು ಅವನ ಮನೆ ಬಾಗಿಲಲ್ಲಿ ನಿಂತಿದ್ದರು. "ಯೂನಿಯನ್ ರೂಲ್ ಒಪ್ಪುದಿಲ್ಲ," ಎಂದ ಕರುಣಾಕರ. ಅಂಥ ರೂಲ್ ಯಾವುದೂ ಇರಲಿಲ್ಲ. ಆದರೆ ಅಧ್ಯಕ್ಷರು ಗೌರವದಿಂದ ತಲೆಯಾಡಿಸಿ ಹೋದರು. ನಮ್ಮವರಿಗೆ ಕಾನೂನೆಂದರೆ ಅಷ್ಟೇನೂ ಭಯವಿಲ್ಲ, ಯೂನಿಯನ್ ಎಂದರೆ ಇದೆ.

ಹೀಗೆ ಮೂರು ವರ್ಷ ಕೊಡೆ ಬಿಚ್ಚುವ ಸಂದರ್ಭ ಬರಲಿಲ್ಲ. 2008ರ ಚಳಿಗಾಲದಲ್ಲಿ ಬಂತು.

ಡ್ಯಾಂಡಿನಾಂಗ್‌ನ ಅಂಗಡಿ ಬೀದಿಯಲ್ಲಿ ಶನಿವಾರ ಸಂಜೆ ಪಾರ್ಕಿಂಗ್ ಜಾಗಕ್ಕೆ ಜಗಳವಾಯಿತು. ಕರುಣಾಕರ ತನ್ನ ಜೊತೆಗಾರನೊಂದಿಗೆ ಅಲ್ಲಿಗೆ ಹೋದ. ಜಗಳ ಆಡುತ್ತಿದ್ದವರಲ್ಲಿ ಒಬ್ಬ ಅಮೃತ್, ರಾಣೆಬೆನ್ನೂರಿನ ಹುಡುಗ. ಹಗಲು ಕಾಲೇಜು, ಉಳಿದ ಹೊತ್ತು ವೇರ್‌ಹೌಸ್‌ನಲ್ಲಿ ಬಾಕ್ಸ್ ಎತ್ತುವ ಕೆಲಸ. ಪೊಲೀಸನ ಎದೆಯ ಮೇಲಿನ ಹೆಸರು ನೋಡಿ ಅವನಿಗೆ ಹೋದ ಜೀವ ಬಂದಂತಾಗಿ, "ಸರ್, ನಿಮ್ಮನ್ನ ರಾಜ್ಯೋತ್ಸವದಾಗ ನೋಡಿದ್ದೆ, ನೀವು ನಮ್ಮವ್ರ ಅಲ್ರಿ?" ಎಂದು ಕನ್ನಡದಲ್ಲೇ ಕೇಳಿದ. ಜೊತೆಗಾರ ಆಸ್ಟ್ರೇಲಿಯನ್ ಹುಬ್ಬೇರಿಸಿ ನಕ್ಕನಂತೆ.

ಅಲ್ಲಿಂದ ಮುಂದೆ ಎರಡು ಕಥೆಗಳಿವೆ. ಅಮೃತನ ಕಥೆ ಹೀಗೆ: ಆ ಕನ್ನಡದ ಪೊಲೀಸರೇ "ಸ್ಪೀಕ್ ಇಂಗ್ಲಿಷ್" ಎಂದು ಕೂಗಿ, ಕೈ ತಿರುಚಿ, ಕಾರಿನ ಬಾನೆಟ್ ಮೇಲೆ ಒತ್ತಿದರು. ಕರುಣಾಕರನ ಕಥೆ: ಹುಡುಗ ಎಡವಿ ಬಿದ್ದ. ಜೊತೆಗಾರನ ಕಥೆ ಎಂಬುದಿಲ್ಲ. ಅವನು ಆ ಹೊತ್ತಿಗೆ ಸರಿಯಾಗಿ ಎದುರಿನ ಮೀನಿನ ಅಂಗಡಿಯ ಬೋರ್ಡ್ ಓದುತ್ತಿದ್ದನಂತೆ. ಹುಡುಗನ ಮಣಿಕಟ್ಟಿನ ಎಲುಬು ಮುರಿದದ್ದು ಮಾತ್ರ ಎಕ್ಸ್‌ರೇಯಲ್ಲಿ ಕಂಡಿತು. ಆಸ್ಪತ್ರೆಯವರು ಹೇಗಾಯಿತೆಂದು ಕೇಳಿದರು, ಅವನು ಹೇಳಿದ, ಅವರೇ ಮುಂದೆ ನಿಂತು ದೂರು ಬರೆಸಿದರು.

ಇಲಾಖೆಯ ವಿಚಾರಣೆ ಶುರುವಾಯಿತು. ದೂರು ನಿಜವೆಂದಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮನೆಯ ಮಾರ್ಟ್‌ಗೇಜ್ ಕಥೆ ಏನು, ಮೈಸೂರು ಪೇಟದ ಮಾನ ಏನು ಎಂದು ನಿರೀಕ್ಷಾ ಬೇಲಿಯ ಬಳಿ ನಿಂತು ಅತ್ತಳು. ಕರುಣಾಕರ ಅಳಲಿಲ್ಲ. ಯೂನಿಯನ್ನಿಗೆ ಫೋನ್ ಮಾಡಿದ. ಹೇಳಿಕೊಂಡಿದ್ದು ಸುಳ್ಳಲ್ಲ, ಲಾಯರಮ್ಮ ನಿಜಕ್ಕೂ ಬಂದರು, ಕಾಸಿಲ್ಲದೆಯೇ ಬಂದರು. ಬಂದು ಒಂದೇ ಔಷಧಿ ಬರೆದರು: ಬಾಯಿ ಮುಚ್ಚು. ಯಾರ ಹತ್ತಿರವೂ ಈ ವಿಷಯ ಮಾತಾಡಬೇಡ. ಆ ಹುಡುಗನ ಹತ್ತಿರ ಸುಳಿಯಬೇಡ. ಸಾರಿ ಎಂಬ ಶಬ್ದವನ್ನಂತೂ ಕನಸಿನಲ್ಲೂ ಆಡಬೇಡ, ಸಾರಿ ಎಂದರೆ ತಪ್ಪೊಪ್ಪಿಗೆ.

ಕರುಣಾಕರ ಅದನ್ನು ವ್ರತದಂತೆ ಹಿಡಿದ. ಸುಕ್ಕ ಹೇಗಿದೆ ಎಂದು ಹೆಂಡತಿ ಕೇಳಿದರೂ ಸ್ವಲ್ಪ ಯೋಚಿಸಿ ಉತ್ತರ ಕೊಡುತ್ತಿದ್ದ.

ಇಲ್ಲಿ ರುದ್ರಪ್ಪನವರ ಪ್ರವೇಶ. ಹಾವೇರಿ ಜಿಲ್ಲೆಯ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿ, ಮಗನ ಜೊತೆ ಇಲ್ಲಿಗೆ ಬಂದು ಕೂತವರು. ಮೂವತ್ತು ವರ್ಷ ಎಷ್ಟೋ ಹೊಡೆದಾಟಗಳನ್ನು ಕೋರ್ಟಿಗೆ ಹೋಗಗೊಡದೆ ರಾಜಿ ಮಾಡಿಸಿದ್ದರಂತೆ. ಇಲ್ಲಿ ರಾಜಿ ಮಾಡಿಸಲು ಏನೂ ಸಿಗದೆ ಸೊರಗಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ಸಂಘದ ಹಿರಿಯರನ್ನೂ ಕರುಣಾಕರನನ್ನೂ ಮನೆಗೆ ಕರೆಸಿದರು. ಚಹಾ ಕೊಡಲು ಕೈ ಸಾಲದೆಂದು ನನ್ನನ್ನೂ ಕರೆದಿದ್ದರು.

"ಹುಡುಗ ನಮ್ಮ ಕಡೆಯವನ ಅದಾನ," ಎಂದರು ರುದ್ರಪ್ಪ. "ನಾವು ನಾಕು ಮಂದಿ ಹಿರೇರು ಹೋಗಿ ಮಾತಾಡಿದ್ರ ಇಲ್ಲ ಅನ್ನಂಗಿಲ್ಲ. ಸಿಹಿ ಕೊಟ್ಟು, ತಲಿ ಸವರಿ ಬರೋಣು. ಏನಂತೀಪಾ ಕರುಣಾಕರ?"

ಕರುಣಾಕರ ಸೀಲಿಂಗ್ ನೋಡಿದ. ಲಾಯರಮ್ಮ ಮಾತಾಡಬೇಡ ಎಂದಿದ್ದಾರಲ್ಲ! ಬೇಡ ಎನ್ನುವುದೂ ಮಾತೇ ಎಂದು ಅವನಿಗೆ ತೋರಿರಬೇಕು.

"ಮೌನಂ ಸಮ್ಮತಿ ಲಕ್ಷಣಂ," ಎಂದು ರುದ್ರಪ್ಪ ತೊಡೆ ತಟ್ಟಿದರು.

"ಅಂಕಲ್, ಇದು ಹಾವೇರಿ ಅಲ್ಲ, ಅವನ ಕೆಲಸಕ್ಕೇ ಕುತ್ತು ಬರತ್ತೆ," ಎಂದೆ ನಾನು. "ನೀ ಚಹಾ ತಗೊಂಬಾರವ್ವ," ಎಂದರು. ಚಹಾ ತಂದುಕೊಟ್ಟೆ. ಸಕ್ಕರೆ ಹಾಕಲಿಲ್ಲ.

ನಾಲ್ವರು ಹಿರಿಯರು ಒಂದು ಕಿಲೋ ಮೈಸೂರು ಪಾಕು ಹಿಡಿದು ಡ್ಯಾಂಡಿನಾಂಗ್‌ನಲ್ಲಿ ಹುಡುಗನಿದ್ದ ಬಾಡಿಗೆ ಮನೆಗೆ ಹೋದರು. ಅಮೃತ್ ಒಂದೇ ಕೈಯಲ್ಲಿ ಕುರ್ಚಿ ಎಳೆದು ಕೂರಿಸಿ, ಒಂದೇ ಕೈಯಲ್ಲಿ ಚಹಾ ಮಾಡಿಕೊಟ್ಟನಂತೆ. "ಭಾಳ ಸಂಭಾವಿತ ಹುಡುಗ," ಎಂದು ಬಂದವರು ಹೊಗಳಿದರು. ನಮ್ಮ ಮಾನ, ನಮ್ಮ ಭಾಷೆ, ಬಿಳಿಯರ ಮುಂದೆ ನಾವೇ ಕಚ್ಚಾಡಬಾರದು ಎಂದೆಲ್ಲ ಬುದ್ಧಿ ಹೇಳಿದರು. ಪೊಲೀಸ್ ಕೇಸು ಅಂದರೆ ನಾಳೆ ನಿನ್ನ ಪಿಆರ್‌ಗೂ ತೊಂದರೆ ಎಂದು ಒಬ್ಬರು ಅಕ್ಕರೆಯಿಂದ ಸೇರಿಸಿದರು. ಹುಡುಗ "ಯೋಚನೆ ಮಾಡ್ತೀನ್ರಿ" ಎಂದ. ರುದ್ರಪ್ಪನವರ ಅನುಭವದಲ್ಲಿ ಅದರ ಅರ್ಥ ಒಪ್ಪಿದೆ ಎಂದು.

ಇಷ್ಟಕ್ಕೇ ನಿಂತಿದ್ದರೆ ದೇವರು ದೊಡ್ಡವನು ಎನ್ನಬಹುದಿತ್ತು. ಮರುದಿನ ಬೆಳಿಗ್ಗೆ ರುದ್ರಪ್ಪನವರು ತಾವೇ ಠಾಣೆಗೆ ಫೋನ್ ಮಾಡಿ, ದೊಡ್ಡ ಅಧಿಕಾರಿಯನ್ನು ಕೇಳಿ ಪಡೆದು, ಮ್ಯಾಟರ್ ಕಾಂಪ್ರಮೈಸ್ ಆಗಿದೆ, ಎಲ್ಡರ್ಸ್ ಮಾತಾಡಿದ್ದಾರೆ, ಕೈಂಡ್ಲಿ ಫೈಲ್ ಕ್ಲೋಸ್ ಮಾಡಿ ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ತಿಳಿಸಿದರು. ಹೆಸರು, ವಿಳಾಸವನ್ನೂ ಕೊಟ್ಟರು. ಸರ್ಕಾರಿ ಮನುಷ್ಯರು, ಅನಾಮಧೇಯ ಕೆಲಸ ಮಾಡುವವರಲ್ಲ.

ಮಧ್ಯಾಹ್ನದ ಹೊತ್ತಿಗೆ ಕರುಣಾಕರನ ಮೇಲೆ ಎರಡನೇ ವಿಚಾರಣೆ ಬಂತು: ಜನ ಕಳಿಸಿ ದೂರುದಾರನ ಮೇಲೆ ಒತ್ತಡ ತಂದಿದ್ದು. ಮೊದಲನೆಯದಕ್ಕಿಂತ ಇದು ಕೆಟ್ಟದ್ದು ಎಂದರು ಲಾಯರಮ್ಮ. ಡ್ಯೂಟಿಯಲ್ಲಿ ಮಾಡಿದ್ದಕ್ಕೆ ಯೂನಿಯನ್ ನಿಲ್ಲುತ್ತದೆ. ಡ್ಯೂಟಿಯ ಹೊರಗೆ ಸಿಹಿ ಹಂಚಿದ್ದಕ್ಕೆ ನಿಲ್ಲುವುದೋ ಇಲ್ಲವೋ, ಕಮಿಟಿ ಕೂತು ನೋಡಬೇಕು. ಮೈಸೂರು ಪಾಕು ಎಂದರೇನು ಪದಾರ್ಥ ಎಂದು ಅವರು ಕೇಳಿದಾಗ ಕರುಣಾಕರ ಕಡಲೆಹಿಟ್ಟು, ತುಪ್ಪ, ಸಕ್ಕರೆ ಎಂದು ವಿವರಿಸಿದನಂತೆ. ಪಾಪ, ಆ ಪ್ರಶ್ನೆಗೆ ಉತ್ತರ ಕೊಡಲು ಅಡ್ಡಿಯಿರಲಿಲ್ಲ.

ಈಗ ಅವನು ನಿಜಕ್ಕೂ ಹೆದರಿದ. ಊಟ ಬಿಟ್ಟ, ಸವಲತ್ತಿನ ಮಾತು ಬಿಟ್ಟ. ನನಗೂ ಸಂಕಟವಾಯಿತು. ಎಷ್ಟಾದರೂ ಪಕ್ಕದ ಮನೆಯವನು, ನನ್ನ ಮಗಳಿಗೆ ಸೈಕಲ್ ಕಲಿಸಿದವನು. ರುದ್ರಪ್ಪನವರನ್ನು ತಾನು ಕಳಿಸಲಿಲ್ಲ ಎಂದು ಅವನು ಎಷ್ಟು ಹೇಳಿದರೂ ನಂಬುವವರಿಲ್ಲ. ಆ ಮಾತು ಅಮೃತನ ಬಾಯಿಂದ ಬರಬೇಕಿತ್ತು. ಅವನ ಹತ್ತಿರ ಹೋಗುವಂತೆಯೇ ಇರಲಿಲ್ಲ.

ತನಿಖೆಯವರು ಅಮೃತನನ್ನು ಕೇಳಿದರು. ಕರುಣಾಕರನ ಹೆಸರು ಹಿಡಿದು ಒಂದು ಮಾತು ಆಡಿದ್ದರೆ ಸಾಕಿತ್ತು, ಪೇಟ, ಶಾಲು, ಬುಟ್ಟಿ ಎಲ್ಲ ಬೀದಿಗೆ ಬೀಳುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಬಂದವರು ತಾವಾಗಿ ಬಂದದ್ದು, ಪೊಲೀಸರು ಕಳಿಸಿದ್ದಲ್ಲ ಎಂದು ಅವರೇ ಹೇಳಿದರು, ನಾನೂ ಹಾಗೇ ತಿಳಿದಿದ್ದೇನೆ ಎಂದ. ಪೊಲೀಸರು ಕೈ ತಿರುಚಿದ್ದು ಮಾತ್ರ ನಿಜ ಎಂದೂ ಹೇಳಿದ.

ಎರಡು ತಿಂಗಳಿಗೆ ತೀರ್ಪು ಬಂತು. ಒತ್ತಡದ ವಿಷಯದಲ್ಲಿ ದೂರುದಾರನ ಮಾತು ನಂಬಲರ್ಹ, ಆದ್ದರಿಂದ ಕರುಣಾಕರ ನಿರ್ದೋಷಿ. ಕೈಯ ವಿಷಯದಲ್ಲಿ ದೂರುದಾರನ ಮಾತಿಗೆ ಬೇರೆ ಸಾಕ್ಷಿಯಿಲ್ಲ, ಆದ್ದರಿಂದ ಕರುಣಾಕರ ಅಲ್ಲೂ ನಿರ್ದೋಷಿ. ಒಂದೇ ಬಾಯಿ, ಒಂದೇ ಹೇಳಿಕೆ. ಅರ್ಧ ನಿಜ, ಅರ್ಧಕ್ಕೆ ಸಾಕ್ಷಿ ಸಾಲದು. ಕೆಲಸ ಉಳಿಯಿತು. ನಿರೀಕ್ಷಾ ಮತ್ತೆ ಸುಕ್ಕ ಮಾಡಿದಳು, ಅವನು ಮತ್ತೆ ಶುರುಮಾಡಿದ: "ಯೂನಿಯನ್ ಇಲ್ಲದಿದ್ರೆ ನಾನು ಹೋಗಿಬಿಡ್ತಿದ್ದೆ ಮಾರಾಯ್ರೆ." ಆ ದಿನ ನನಗೆ ಸುಕ್ಕ ಇಳಿಯಲಿಲ್ಲ. ಮನೆಗೆ ಬಂದು ಸಿಡ್ನಿಗೆ ಫೋನ್ ಮಾಡಿ ತುಂಗಾಳಿಗೆ ಎಲ್ಲ ಹೇಳಿದೆ.

ಶನಿವಾರದ ವಿಮಾನಕ್ಕೇ ಬಂದಳು. ತಮ್ಮನ ಜೊತೆ ಹೆಚ್ಚು ಮಾತಾಡಲಿಲ್ಲ. "ಕಾರ್ ತೆಗಿ," ಎಂದಳು. ರುದ್ರಪ್ಪನವರಿಂದ ವಿಳಾಸ ಪಡೆದಿದ್ದವಳು ನಾನು, ಹಾಗಾಗಿ ದಾರಿ ತೋರಿಸಲು ಹಿಂದಿನ ಸೀಟಿನಲ್ಲಿ ಕೂತೆ.

ಅಮೃತ್ ಬಾಗಿಲು ತೆರೆದು ಕರುಣಾಕರನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಒಳಗೆ ಕರೆದ. ಪ್ಲಾಸ್ಟರ್ ತೆಗೆದಿದ್ದರು. ತುಂಗಾ ಯಾರನ್ನೂ ಕೇಳದೆ ಅವನ ಕೈ ಹಿಡಿದು ಬೆರಳು ಮಡಚಿಸಿ ನೋಡಿದಳು. ಪೂರ್ತಿ ಮಡಚಲಿಲ್ಲ.

"ನೀನು ಇವನ ಕೆಲಸ ಉಳಿಸಿದ್ದು ಯಾಕೆ ಮಗಾ?" ಎಂದು ಕೇಳಿದಳು.

"ಉಳಿಸ್ಲಿಲ್ರಿ ಆಂಟಿ. ಆಗಿದ್ದು ಹೇಳ್ದೆ," ಎಂದ. "ಸುಳ್ಳು ಹೇಳಿ ಸಿಕ್ಕಿಬಿದ್ರ ನನ್ನ ಹಿಂದ ಯಾರು ನಿಲ್ತಾರ್ರಿ?"

ತುಂಗಾ ತಮ್ಮನತ್ತ ತಿರುಗಿದಳು. ನಾನೂ ನೋಡಿದೆ. ಕರುಣಾಕರ ಗಂಟಲು ಸರಿಮಾಡಿಕೊಂಡ. ಬಂತು, ಈಗ ಬಂತು ಎಂದುಕೊಂಡೆ.

"ನೀನು ವೇರ್‌ಹೌಸ್ ಯೂನಿಯನ್ ಸೇರ್ಬೇಕಿತ್ತು ಮಾರಾಯ," ಎಂದ ಅವನು. "ಅವರದ್ದೂ ಒಳ್ಳೆ ಬೆನಿಫಿಟ್ಸ್ ಉಂಟು. ಈಗಲೂ ಸೇರು."

"ಆ ಕೆಲಸ ಹೋಗಿ ಭಾಳ ದಿನಾತ್ರಿ ಅಂಕಲ್," ಎಂದ ಅಮೃತ್, ಸಹಜವಾಗಿ. "ಒಂದು ಕೈಯಾಗ ಬಾಕ್ಸ್ ಎತ್ತಾಕ ಬರಂಗಿಲ್ಲಲ್ರಿ."

ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವರಿಬ್ಬರೂ ಬಂದರು. ಕರುಣಾಕರ ಬಾಗಿಲು ಹಾಕಿ, ಗಾಜು ಏರಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟ.

"ನಾನೇ ತಿರುಚಿದ್ದು ಅಕ್ಕಾ," ಎಂದ. "ಅವನು ಕನ್ನಡ ಮಾತಾಡಿದ, ನನ್ನ ಜೊತೆಯವ ನಕ್ಕ, ನಂಗೆ ಮರ್ಯಾದೆ ಹೋದ ಹಾಗಾಯ್ತು. ತಪ್ಪಾಯ್ತು."

"ನಂಗೆ ಯಾಕೆ ಹೇಳ್ತೀ? ನನ್ನ ಕೈ ಸರಿ ಉಂಟು," ಎಂದಳು ತುಂಗಾ. "ಇಳಿ. ಒಳಗೆ ಹೋಗಿ ಅವನಿಗೆ ಹೇಳು."

ಕರುಣಾಕರ ತಲೆಯೆತ್ತಿ ಆ ಮನೆಯ ಬಾಗಿಲನ್ನು ಬಹಳ ಹೊತ್ತು ನೋಡಿದ. ಕಣ್ಣಲ್ಲಿ ನೀರಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯನ್ನೂ ಇಟ್ಟ.

"ಸೋಮವಾರ ಲಾಯರ್ ಹತ್ರ ಒಂದು ಮಾತು ಕೇಳಿ ಆಮೇಲೆ ಹೇಳ್ತೇನೆ," ಎಂದು ಕಾರು ಸ್ಟಾರ್ಟ್ ಮಾಡಿದ.