ಕೆಟಲಮ್ಮ ಕೊಟ್ಟ ಸರದಿ

ಆರಾಧನೆ ಮುಗಿದ ಮೇಲೆ ಎಲ್ಲರೂ ಕೂತು ಚಹಾ ಕುಡಿಯುವುದು ಆ ಕ್ರೈಸ್ತ ಸಭೆಯಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಒಂದೊಂದು ಭಾನುವಾರ ಒಂದೊಂದು ಮನೆಯವರ ಸರದಿ. ಆದರೆ ಸರದಿ ಯಾರದೇ ಇರಲಿ, ಅಡುಗೆಕೋಣೆಯ ಬೀಗದ ಕೈ ಮಾತ್ರ ಕೆಟಲಮ್ಮನ ಸೊಂಟದಲ್ಲಿ. ಹೋಟೆಲೊಂದರ ಲಾಂಡ್ರಿಯಲ್ಲಿ ವಾರವಿಡೀ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಮುಂಗೈ ತುಂಬ ಸುಟ್ಟ ಕಲೆ ಮಾಡಿಕೊಂಡಿದ್ದ ಆಕೆಗೆ, ಸಭೆಯ ಆ ದೊಡ್ಡ ಕೆಟಲ್ ಹಿಡಿದರೇನೇ ಭಾನುವಾರ ಅನ್ನಿಸುತ್ತಿತ್ತು. ಹೆಸರೂ ಅದೇ ಬಿತ್ತು. ಒಳಗೆ ಸದಾ ಕುದಿಯುತ್ತಿರುತ್ತಾಳೆ, ಹೊರಗೆ ಮುಟ್ಟಿದರೆ ಸುಡುತ್ತಾಳೆ, ಹೆಸರಿಟ್ಟವರು ಬುದ್ಧಿವಂತರು ಎಂದು ಆಕೆಯ ಗಂಡನೇ ತಮಾಷೆ ಮಾಡುತ್ತಿದ್ದ. ಆಕೆಗೆ ಕೇಳಿಸದಷ್ಟು ದೂರ ನಿಂತು, ಅಷ್ಟೇ.

ಅಂಥ ಹೆಂಗಸು ಹೆದರಿದ್ದನ್ನು ಯಾರೂ ಕಂಡಿರಲಿಲ್ಲ, ಆ ಮನುಷ್ಯ ಬರುವವರೆಗೆ.

ಅವನು ಮೊದಲ ಸಲ ಬಂದು ಕೊನೆಯ ಬೆಂಚಿನಲ್ಲಿ ಕೂತಾಗ, ಹಾಡುತ್ತಿದ್ದವರ ದನಿ ಹಿಂದಿನ ಸಾಲಿನಿಂದ ಮುಂದಿನ ಸಾಲಿನವರೆಗೆ ಒಂದೊಂದಾಗಿ ಇಳಿದುಹೋಯಿತು. ಹಿಂದೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ತಂದೆಯ ಮನೆ ಯಾರ ಪಾಲಿಗೆ ಎಂಬ ಜಗಳದಲ್ಲಿ, ಒಡಹುಟ್ಟಿದ ಅಣ್ಣನ ಚಹಾಕ್ಕೆ ಏನನ್ನೋ ಬೆರೆಸಿ ಕೊಟ್ಟು, ಅಣ್ಣ ಸತ್ತ ಮೇಲೆ ತಾನೇ ಠಾಣೆಗೆ ಹೋಗಿ ಕೂತವನು. ತಲೆಗೂದಲು ಕಪ್ಪಗಿದ್ದಾಗ ಜೈಲು ಸೇರಿದವನು ಬೆಳ್ಳಗಾಗಿ ಹೊರಗೆ ಬಂದಿದ್ದ. ಊರಿನವರ ಬಾಯಲ್ಲಿ ಅವನಿಗಿದ್ದದ್ದು ಒಂದೇ ಹೆಸರು, ಅಣ್ಣನ್ನ ತಿಂದವ.

ಅವನ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಚಹಾದ ಹೊತ್ತಿಗೆ ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಪಾದ್ರಿಗಳೂ ದೂರದಿಂದಲೇ ನಕ್ಕು ಸುಮ್ಮನಾದರು. ಕೆಟಲಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಊರೆಲ್ಲ ಪಾಪಿಗಳು ಅಂತಿದ್ದ ಸುಂಕದವರ ಮನೇಲಿ ಊಟಕ್ಕೆ ಕೂತಾಗ ಯೇಸು ಸ್ವಾಮಿ ಯಾರ ಕೈನಾದ್ರೂ ಮೂಸಿ ನೋಡಿದ್ರಾ?" ಎಂದು ಹಾಲ್‌ಗೆಲ್ಲ ಕೇಳುವಂತೆ ಅಂದು, ನೆಟ್ಟಗೆ ಹೋಗಿ ಅವನ ಲೋಟ ತುಂಬಿಸಿದಳು. ಉಳಿದವರು ತಲೆ ತಗ್ಗಿಸಿದರು. ಕೆಟಲಮ್ಮನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಬೇಕು?

ಎಡವಟ್ಟಾದದ್ದು ಅಲ್ಲೇ. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದ:

"ಅಕ್ಕಾ, ನನಗೂ ಒಂದು ಸರದಿ ಕೊಡ್ತೀರಾ? ಮುಂದಿನ ಭಾನುವಾರ ಚಹಾ ನಾನು ಮಾಡ್ತೀನಿ."

ಎಲ್ಲರ ಕಣ್ಣೂ ಕೆಟಲಮ್ಮನ ಮೇಲೆ. ಇಷ್ಟು ಹೊತ್ತು ಉಪದೇಶ ಮಾಡಿದ ಬಾಯಿ ಈಗ ಹಿಂದೆ ಸರಿಯುವುದುಂಟೇ? "ಅದಕ್ಕೇನಪ್ಪ, ಮಾಡು," ಅಂದುಬಿಟ್ಟಳು.

ಮನೆಗೆ ಬರುತ್ತಿದ್ದಂತೆ ಗಂಡ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. "ಅವನಿಗೆ ನೀನು ಲೋಟ ತುಂಬಿಸಿ ಕೊಡೋದು ಬೇರೆ, ಅವನ ಕೈಯಿಂದ ಲೋಟ ತಗೊಳ್ಳೋದು ಬೇರೆ. ಇಷ್ಟೂ ಗೊತ್ತಾಗಲಿಲ್ವಾ ನಿನಗೆ?"

ಅದಕ್ಕಿಂತ ದೊಡ್ಡ ಏಟು ಮಗಳಿಂದ ಬಂತು. ಮಗಳು ತುಂಬು ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ಅಮ್ಮನ ಮುಖ ಬಾಡಿದ್ದು ನೋಡಲಾರದೆ, "ಯಾರು ಕುಡಿದ್ರೂ ಬಿಟ್ರೂ, ಮೊದಲನೇ ಲೋಟ ನಂದೇ ಅಮ್ಮ. ನೀನು ಮಾತು ಕೊಟ್ಟಿದ್ದೀಯಲ್ಲ," ಅಂದಳು.

"ಈ ವಾರ ನೀನು ಬರಬೇಡ. ಮನೇಲೇ ಮಲಗಿರು."

"ಯಾಕಮ್ಮಾ? ನಿನಗೇ ನಂಬಿಕೆ ಇಲ್ವಾ?"

ಆ ವಾರ ಇಸ್ತ್ರಿ ಮೇಜಿನ ಮುಂದೆ ಆಕೆ ಎರಡು ಹಾಸು ಸುಟ್ಟಳು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಮಗಳ ಕೈಯಲ್ಲಿ ಹಬೆಯಾಡುವ ಲೋಟ.

ಭಾನುವಾರ ಅವನು ಎಲ್ಲರಿಗಿಂತ ಮುಂಚೆ ಬಂದು ಅಡುಗೆಕೋಣೆಯ ಬಾಗಿಲಲ್ಲಿ ಕಾದಿದ್ದ. ಆಕೆ ಬೀಗ ತೆಗೆದಳು. ಅವನು ಕೈ ತೊಳೆದ. ಒರೆಸಿ, ಮತ್ತೆ ತೊಳೆದ. ಸ್ಟೌವ್ ಹಚ್ಚಿ ಆಕೆಗೆ ಬೆನ್ನು ತಿರುಗಿಸಿ ನಿಂತ. ಆ ಅಗಲವಾದ ಬೆನ್ನಿನಾಚೆ ಕೈಗಳು ಏನು ಮಾಡುತ್ತಿವೆಯೋ ಕಾಣಿಸುತ್ತಿರಲಿಲ್ಲ. ಚಮಚ ಪಾತ್ರೆಗೆ ತಗಲುವ ಸದ್ದು ಮಾತ್ರ. ಒಂದು ಸಲ ಆ ಸದ್ದೂ ನಿಂತಿತು. ಆಕೆ ಆಗಲೇ ಒರೆಸಿದ ತಟ್ಟೆಯನ್ನು ಮತ್ತೆ ಒರೆಸುತ್ತ, ಬಗ್ಗಿ ನೋಡಲೂ ಆಗದೆ, ಹೊರಗೆ ಹೋಗಲೂ ಆಗದೆ ಬೆವರಿದಳು.

ಕೊನೆಯ ಹಾಡು ಶುರುವಾಯಿತು. ಅವನು ಕೆಟಲ್ ತುಂಬಿಸಿಟ್ಟು, ಲೋಟಗಳ ತಟ್ಟೆ ಎತ್ತಿಕೊಂಡು ಹಾಲ್ ಕಡೆ ಹೋದ. ಅಷ್ಟೇ ಸಾಕಾಯಿತು. ಕೆಟಲಮ್ಮ ಒಂದು ಸಾಸರಿಗೆ ಚಹಾ ಬಗ್ಗಿಸಿ ಹಿಂಬಾಗಿಲಿಗೆ ಓಡಿದಳು. ಗೋಡೆಯ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗಿತ್ತು. ಪುಸಲಾಯಿಸಿ ಕೆಳಗಿಳಿಸಿದಳು. ಅದು ಹತ್ತಿರ ಬಂದು, ಸಾಸರನ್ನು ಮೂಸಿ, ಮುಖ ತಿರುಗಿಸಿಕೊಂಡು ಹೋಗಿಬಿಟ್ಟಿತು.

ಕೆಟಲಮ್ಮನ ಜೀವ ಬಾಯಿಗೆ ಬಂತು.

"ಬೆಕ್ಕು ಬಿಸಿ ಚಹಾ ಮುಟ್ಟಲ್ಲ ಅಕ್ಕಾ."

ಅವನು ಹಿಂದೆಯೇ ನಿಂತಿದ್ದ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಆಕೆಗೆ ಎಷ್ಟೋ ನಿರಾಳವಾಗುತ್ತಿತ್ತು.

"ಬೇಕಾದ್ರೆ ಮೊದಲು ನಾನೇ ಕುಡಿದು ತೋರಿಸ್ತೀನಿ. ಜೈಲಲ್ಲಿ ಅಡುಗೆಮನೆ ಹತ್ರ ನನ್ನ ಸೇರಿಸ್ತಾನೇ ಇರಲಿಲ್ಲ. ನನಗೆ ಅಭ್ಯಾಸ ಇದೆ. ನೀವು ಬೇಜಾರು ಮಾಡ್ಕೋಬೇಡಿ."

ಆಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲರ ಮುಂದೆ ಇವನನ್ನು ಒಳಗೆ ಕರೆದವಳು ತಾನು. ಹಿಂಬಾಗಿಲಲ್ಲಿ ಇವನನ್ನು ಬೆಕ್ಕಿನ ಮುಂದೆ ವಿಚಾರಣೆಗೆ ನಿಲ್ಲಿಸಿದವಳೂ ತಾನೇ. ಅದನ್ನು ಕಣ್ಣಾರೆ ಕಂಡವನು ಈಗ ತನ್ನನ್ನೇ ಸಮಾಧಾನ ಮಾಡುತ್ತಿದ್ದಾನೆ.

"ಬೇಡಪ್ಪ. ತಪ್ಪಾಯ್ತು," ಅಂದಳು. ಒಳಗೆ ಬಂದು ಲೋಟ ತುಂಬಿಸಿಕೊಂಡು, ಅವನ ಮುಖವನ್ನೇ ನೋಡುತ್ತ, ನಾಲಿಗೆ ಸುಡುತ್ತಿದ್ದರೂ ಅಷ್ಟನ್ನೂ ಕುಡಿದಳು.

ಖಾಲಿ ಲೋಟವನ್ನು ಅವನು ಇಸಿದುಕೊಂಡ. "ನಮ್ಮಣ್ಣನೂ ಹೀಗೇ," ಅಂದ. "ಹೀಗೇ ನನ್ನ ಮುಖ ನೋಡ್ತಾನೇ ಕುಡಿದ."

ಇಳಿದ ಚಹಾ ಆಕೆಯ ಎದೆಯಲ್ಲೇ ನಿಂತಂತಾಯಿತು. ಅಷ್ಟರಲ್ಲಿ ಹಾಡು ನಿಂತು, ಬೆಂಚುಗಳು ಸರಿದ ಸದ್ದು ಕೇಳಿಸಿತು. ಬೇಡವೆಂದರೂ ಸಭೆಗೆ ಬಂದಿದ್ದ ಮಗಳು ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು ಬಾಗಿಲಿಗೆ ಬಂದೇಬಿಟ್ಟಳು. "ಅಮ್ಮಾ, ಕೊಡು. ಎಲ್ಲಾ ನನ್ನೇ ನೋಡ್ತಿದ್ದಾರೆ. ನಾನು ಕುಡಿದ್ರೆ ಅವರೂ ಕುಡೀತಾರೆ."

"ಕೊಡದಿದ್ರೂ ಪರವಾಗಿಲ್ಲ ಅಕ್ಕಾ," ಎಂದ ಅವನು, ನೆಲ ನೋಡುತ್ತ.

ತಾನು ಕುಡಿಯುವುದು ಸುಲಭವಿತ್ತು. ಇದು ಸುಲಭವಿರಲಿಲ್ಲ. ಒಂದು ಮಾತು, ಬೇಡ ಅನ್ನುವ ಒಂದೇ ಮಾತು ಸಾಕಿತ್ತು. ಮಗಳು ವಾಪಸ್ ಹೋಗುತ್ತಿದ್ದಳು, ಅವಳ ಹಿಂದೆ ಇಡೀ ಸಭೆ ಎದ್ದು ಮನೆಗೆ ಹೋಗುತ್ತಿತ್ತು, ಇವನು ಮತ್ತೆಂದೂ ಯಾವ ಬಾಗಿಲಿಗೂ ಬರುತ್ತಿರಲಿಲ್ಲ. ಕರ್ತನೇ, ನೀನೇ ನೋಡಿಕೋ ಎಂದುಕೊಂಡು ಕೆಟಲಮ್ಮ ಕೆಟಲ್ ಎತ್ತಿದಳು. ಲೋಟಕ್ಕೆ ಬಗ್ಗಿಸುವಾಗ ಅರ್ಧ ಚಹಾ ಸೆರಗಿನ ಮೇಲೆ ಚೆಲ್ಲಿತು. ಉಳಿದದ್ದನ್ನು ಮಗಳಿಗೆ ಕೊಟ್ಟಳು.

ಮಗಳು ಊದಿ, ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಅಯ್ಯೋ, ಏನು ಮಾಮಾ ಇದು, ಪಾಯಸ ಮಾಡಿದ್ದೀರಾ?" ಎಂದಳು ಮಗಳು. "ಮುಂದಿನ ಸಲ ಸಕ್ಕರೆ ಕಮ್ಮಿ ಹಾಕಿ."

ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದ ಅವನು, "ಮುಂದಿನ ಸಲ?" ಎಂದು ಕೇಳಿ, ಅಡುಗೆಕೋಣೆಯ ನೆಲದ ಮೇಲೆ ಕುಸಿದು ಕೂತು, ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತ.